ಮೊಟ್ಟೆ ಮೊದಲು ಒಡೆದ ಜಾಗ

ಮೇಜಿನ ಮೇಲೆ ಒಂದು ಬಣ್ಣದ ಚಿತ್ರ ಬಿದ್ದಿದೆ. ಹೋದ ವಾರ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಹೆಂಗಸರಿಗಾಗಿ ನಡೆದ ತಪಾಸಣಾ ಶಿಬಿರದಲ್ಲಿ ಕೊಟ್ಟದ್ದು. ಅದು ನನ್ನ ಎದೆಯ ಚಿತ್ರ, ಆದರೆ ಫೋಟೋ ಅಲ್ಲ. ಮೈಯ ಶಾಖವನ್ನು ಹಿಡಿಯುವ ಕ್ಯಾಮರಾ ತೆಗೆದದ್ದು. ತಣ್ಣಗಿರುವ ಕಡೆ ನೀಲಿ, ಕೊಂಚ ಬೆಚ್ಚಗಿದ್ದರೆ ಹಸಿರು, ಇನ್ನೂ ಬೆಚ್ಚಗಿದ್ದರೆ ಹಳದಿ, ಆಮೇಲೆ ಕೆಂಪು. ನನ್ನ ಚಿತ್ರ ಬಹುಪಾಲು ನೀಲಿ. ಎಂಬತ್ತು ದಾಟಿದವಳ ಮೈಯಲ್ಲಿ ಇನ್ನೇನು ತಾನೇ ಉಳಿದಿರುತ್ತದೆ...

ಕೆಳಗಿನ ಮನೆಯ ಹೆಂಗಸರು ಹೊರಟಿದ್ದರು, ನಾನೂ ಹೋದೆ. ಎಲ್ಲಿಗಾದರೂ ಹೋಗುವುದಕ್ಕೆ ಈಗ ನನಗೆ ಅಷ್ಟು ಕಾರಣ ಸಾಕು. ತರಗತಿಯ ಒಂದು ಕೋಣೆಗೆ ಏಸಿ ಹಾಕಿ ತಣ್ಣಗೆ ಮಾಡಿದ್ದರು. ರವಿಕೆ ತೆಗೆದು, ತೋಳು ಮೈಗೆ ತಾಗದಂತೆ ಎತ್ತಿ ಹಿಡಿದು ಸ್ವಲ್ಪ ಹೊತ್ತು ಕೂರಬೇಕು. ಮೈಯೆಲ್ಲ ತಣಿದ ಮೇಲೂ ತಣಿಯದೆ ಉಳಿಯುವ ಜಾಗ ಇದೆಯೇ ಎಂದು ಯಂತ್ರ ನೋಡುತ್ತದೆ. ಗಂಟು ಬೆಳೆಯುವ ಕಡೆ ರಕ್ತ ಹೆಚ್ಚು ಹರಿಯುತ್ತದೆ, ಅಲ್ಲಿ ಕಾವು ಹೆಚ್ಚು, ಎಂದು ಯಂತ್ರ ನೋಡಿಕೊಳ್ಳುತ್ತಿದ್ದ ಬೇಗೂರು ಕಡೆಯ ಒಬ್ಬ ಹುಡುಗಿ ವಿವರಿಸಿದಳು. ಇದೊಂದನ್ನೇ ನಂಬಿ ಯಾರಿಗೂ ಏನನ್ನೂ ಹೇಳುವುದಿಲ್ಲ, ಅನುಮಾನ ಬಂದರೆ ಮೈಸೂರಿಗೆ ಕಳಿಸಿ ಬೇರೆ ಪರೀಕ್ಷೆ ಮಾಡಿಸುತ್ತೇವೆ ಎಂದೂ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, ಹೆದರಿದ್ದೇನೆ ಅಂದುಕೊಂಡಳೋ ಏನೋ, "ಮುಟ್ಟೋದೇ ಇಲ್ಲ ಅಜ್ಜಿ. ದೂರದಿಂದ್ಲೇ ನೋಡುತ್ತೆ" ಅಂದಳು.

ಆ ಚಳಿಯಲ್ಲಿ ಕೂತಾಗ ಕಂಬಳಿಸೊಪ್ಪಿನ ವಾಸನೆ ಬಂತು ಎಂದು ಬರೆಯಲು ಕೈ ಹೋಗುತ್ತಿದೆ. ರೇಷ್ಮೆಹುಳು ಮೇಯುವ ಸೊಪ್ಪು ಅದು. ಹಾಗೆ ಬರೆದರೆ ಚೆನ್ನಾಗಿರುತ್ತದೆ. ಆದರೆ ಬಂದದ್ದು ಫಿನಾಯಿಲ್ ವಾಸನೆ. ನೆನಪು ಬಂದದ್ದು 'ಕಾವು' ಎಂದು ಆ ಹುಡುಗಿ ಹೇಳಿದ್ದರಿಂದ, ಮತ್ತು 'ಮುಟ್ಟೋದೇ ಇಲ್ಲ' ಎಂದದ್ದರಿಂದ. ಅರವತ್ತು ವರ್ಷಕ್ಕೂ ಹಿಂದೆ ಹರದನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ, ಕರೆಯದೆ, ಆ ಕೋಣೆಯೊಳಗೆ ಬಂದು ಕೂತಳು. ಸಂಬಂಧದಲ್ಲಿ ಅವಳು ನನಗೆ ಏನೂ ಅಲ್ಲ. ಕೇರಿಯ ಸೊಸೆಯರೆಲ್ಲ ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ.

ಐವತ್ತರ ದಶಕದ ನಡುವೆ ನಾನು ಗುಂಡ್ಲುಪೇಟೆಯಿಂದ ಹರದನಹಳ್ಳಿಗೆ ಸೊಸೆಯಾಗಿ ಹೋದೆ. ನನ್ನ ಗಂಡ ಗುಂಡ್ಲುಪೇಟೆಯಿಂದ ಘಟ್ಟದ ಕಡೆಗೆ ಓಡುತ್ತಿದ್ದ ಬಸ್ಸಿನಲ್ಲಿ ಕಂಡಕ್ಟರು. ಹಾಗಾಗಿ ನಾನು ಗುಂಡ್ಲುಪೇಟೆ ಬಿಟ್ಟು ಅವರ ಊರಿಗೆ ಬಂದೆ, ಅವರು ತಮ್ಮ ಊರು ಬಿಟ್ಟು ಗುಂಡ್ಲುಪೇಟೆಯಲ್ಲಿ ಉಳಿದರು. ಹಬ್ಬಕ್ಕೋ ಬಸ್ಸು ಕೆಟ್ಟು ನಿಂತರೋ ಮನೆಗೆ ಬರುತ್ತಿದ್ದರು. ಮನೆಯಲ್ಲಿ ನಾನು, ನನ್ನ ಅತ್ತೆ, ಹಜಾರದ ತುಂಬ ಬಿದಿರಿನ ತಟ್ಟೆಗಳಲ್ಲಿ ಸೊಪ್ಪು ಮೇಯುವ ಹುಳುಗಳು. ಅವು ಮೇಯುವ ಸದ್ದು ಸೋನೆ ಮಳೆಯ ಸದ್ದಿನ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಯಾವತ್ತೂ ಹಾಗೆ ಕೇಳಿಸಲಿಲ್ಲ. ನನ್ನನ್ನು ಬಿಟ್ಟು ಮಿಕ್ಕವರೆಲ್ಲ ಯಾವುದೋ ವಿಷಯ ಪಿಸುಗುಟ್ಟುತ್ತಿರುವ ಹಾಗೆ ಕೇಳಿಸುತ್ತಿತ್ತು.

ನಮಗೂ ದೊಡ್ಡವ್ವನಿಗೂ ನಡುವೆ ಒಂದು ಮಣ್ಣಿನ ಗೋಡೆ. ಅದರಲ್ಲಿ, ಕೂತವರ ಮುಖದ ಎತ್ತರಕ್ಕೆ, ಒಂದು ಕಂಡಿ. ಕೆಂಡ, ಹೆಪ್ಪಿಗೆ ಮಜ್ಜಿಗೆ, ಕರಿಬೇವು ಅದರಲ್ಲೇ ಆಚೀಚೆ ಹೋಗುತ್ತಿದ್ದವು. ಅವಳಿಗೆ ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಲ ಮೈದುನನ ಕೈಯಲ್ಲಿತ್ತು, ರಾಗಿ ಅವನ ಮನೆಯಿಂದ ಬರುತ್ತಿತ್ತು. ಒಬ್ಬಳಿಗೆ ಮುದ್ದೆ ಕೂಡಿಸುವುದು ಎಷ್ಟು ಕಷ್ಟ ಎಂದು ಅವಳು ಆ ಕಂಡಿಯಲ್ಲಿ ಹೇಳುತ್ತಿದ್ದಳು. ಎಷ್ಟು ಕಡಿಮೆ ಮಾಡಿದರೂ ಇಬ್ಬರಿಗಾಗುವಷ್ಟು ಬರುತ್ತದಂತೆ. ಕಂಡಿ ಎಷ್ಟು ದೊಡ್ಡದಿತ್ತು ಎಂದರೆ ಅವಳ ಮುಖದಲ್ಲಿ ಒಂದು ಕಣ್ಣು, ಅರ್ಧ ಬಾಯಿ ಕಾಣುತ್ತಿತ್ತು. ಇವತ್ತಿಗೂ ಅವಳ ಪೂರ್ತಿ ಮುಖ ನನಗೆ ನೆನಪಾಗುವುದಿಲ್ಲ. ಜಗಲಿಯಲ್ಲಿ ಎಷ್ಟೋ ಸಲ ಎದುರೆದುರು ಕೂತಿದ್ದೇವೆ. ಆದರೂ ಒಂದು ಕಣ್ಣು, ಅರ್ಧ ಬಾಯಿ...

ಮಾಗಿಯ ಚಳಿಯಲ್ಲಿ ರೇಷ್ಮೆಮೊಟ್ಟೆ ಬೇಗ ಒಡೆಯುವುದಿಲ್ಲ. ಚಾಮರಾಜನಗರದಿಂದ ಮೊಟ್ಟೆಯ ಹಾಳೆ ತರುತ್ತಿದ್ದರು, ಕಾಗದದ ಮೇಲೆ ಗಸಗಸೆ ಅಂಟಿಸಿದ ಹಾಗೆ. ಒಡೆಯುವ ಹಿಂದಿನ ದಿನ ಮೊಟ್ಟೆಗಳು ನೀಲಿಗೆ ತಿರುಗಬೇಕು. ತಿರುಗದಿದ್ದರೆ ಮನೆಯ ಹೆಂಗಸೊಬ್ಬಳು ಹಾಳೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ರವಿಕೆಯೊಳಗೆ ಎದೆಗೆ ಕಟ್ಟಿಕೊಳ್ಳುತ್ತಿದ್ದಳು. ನಮ್ಮ ಕೇರಿಯಲ್ಲಿ ಅದು ರೂಢಿ. ಹಾಲೂಡುವ ತಾಯಿ ಕಟ್ಟಿಕೊಂಡರೆ ಒಳ್ಳೆಯದು ಎನ್ನುತ್ತಿದ್ದರು, ಇಲ್ಲದಿದ್ದರೆ ಮನೆಯ ಸೊಸೆ. ಗಂಡ ಇಲ್ಲದವಳು ಕಟ್ಟುವ ಹಾಗಿರಲಿಲ್ಲ. ಹುಳ ಚಾಕಿ ಕಟ್ಟುವ ದಿನ, ಅಂದರೆ ಮರಿಹುಳಕ್ಕೆ ಮೊದಲ ಸೊಪ್ಪು ಹಾಕುವ ದಿನ, ದೊಡ್ಡವ್ವನನ್ನು ಯಾರೂ ಕರೆಯುತ್ತಿರಲಿಲ್ಲ. ಅವತ್ತು ಅವಳೇ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದಳು.

ನಾನು ಹೋದ ಮೊದಲ ಮಾಗಿಯಲ್ಲಿ ಹಾಳೆಯನ್ನು ನನಗೆ ಕಟ್ಟಿದರು. ನಿದ್ದೆಯಲ್ಲಿ ಹೊರಳಿ ಮೊಟ್ಟೆ ಅರೆದುಬಿಡುತ್ತೇನೆ ಎಂಬ ಭಯದಲ್ಲಿ ನಾನು ಗೋಡೆಗೊರಗಿ ಕೂತೇ ಇದ್ದೆ. ಬೆಳಗ್ಗೆ ನೋಡಿದರೆ ಹಾಳೆ ಹಾಗೇ ಇತ್ತು, ನೀಲಿಯೂ ತಿರುಗಿರಲಿಲ್ಲ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ನನ್ನ ಕೈಗೆ ಕೊಟ್ಟು ಒಲೆಯ ಕಡೆ ಹೋದರು. ಆಗ ಕಂಡಿಯಿಂದ ದೊಡ್ಡವ್ವನ ಅರ್ಧ ಬಾಯಿ ಹೇಳಿತು:

"ಆ ಆಳೆ ಇತ್ತ ಕೊಡಮ್ಮಿ. ನಾನು ಎಂಗೂ ಒಬ್ಳೇ ಮಲ್ಗೋದು. ಮಗ್ಗುಲಲ್ಲಿ ಯಾರವ್ರೆ ತುಳಿಯಾಕೆ?"

ಅತ್ತೆ ಒಲೆ ಮುಂದಿನಿಂದಲೇ, ಮುಂಡೆ ಎದೆಯಲ್ಲಿ ಕಾವೆಲ್ಲಿಂದ ಬರಬೇಕು ಎಂದು ಗೊಣಗಿದರು. ಗೋಡೆಯಾಚೆಗೆ ಕೇಳುವಷ್ಟು ಜೋರಾಗಿಯೇ. ಆದರೆ ಚಳಿ ಏರುತ್ತಿತ್ತು, ಹಾಳೆ ಹಾಳಾದರೆ ಆ ಬೆಳೆಯೇ ಇಲ್ಲ. ಕೊನೆಗೆ ಅವರೇ ಅದನ್ನು ಎರಡು ಬಟ್ಟೆಯಲ್ಲಿ ಸುತ್ತಿ ಕಂಡಿಯೊಳಗೆ ಇಟ್ಟು, ತಾವು ಕೊಟ್ಟಿದ್ದಲ್ಲ ಎಂಬ ಹಾಗೆ ಬೆನ್ನು ತಿರುಗಿಸಿದರು.

ಮಾರನೆಯ ಬೆಳಗ್ಗೆ ಮೊಟ್ಟೆ ಒಡೆದಿತ್ತು. ಅದಕ್ಕಿಂತ ಹೆಚ್ಚಿನ ಆಶ್ಚರ್ಯ ಅದು ಒಡೆದ ರೀತಿ. ಹಾಳೆಯ ಒಂದು ಕಡೆ, ಕಾಸಿನಗಲದ ಜಾಗದಲ್ಲಿ ಮರಿಗಳು ಎಷ್ಟೋ ಮುಂಚೆ ಹೊರಬಂದು ಕೂದಲ ಚೂರಿನ ಹಾಗೆ ಕಪ್ಪಗೆ ಹರಿದಾಡುತ್ತಿದ್ದವು. ಸುತ್ತಲಿನವು ಆಗಷ್ಟೇ ತಲೆ ಹಾಕುತ್ತಿದ್ದವು. ಹುಳ ಸಾಕುವವರಿಗೆ ಇದು ಬೇಡದ ವಿಷಯ, ಎಲ್ಲ ಒಟ್ಟಿಗೆ ಒಡೆದರೇ ಚಂದ. ಆದರೆ ನನ್ನ ಅತ್ತೆ ಅದನ್ನು ನೋಡಿ ಕೈ ಮುಗಿದರು. ಮಾದಪ್ಪ ಬೆರಳಿಟ್ಟ ಜಾಗ ಅಂದರು. ಆ ಕಾಸಿನಗಲದ ಮರಿಗಳನ್ನು ಕೋಳಿಪುಕ್ಕದಲ್ಲಿ ಬೇರೆ ಎಲೆಗೆ ಸರಿಸಿ ದೀಪದ ಮುಂದಿಟ್ಟರು. ಆ ಸಲ ಗೂಡು ಚೆನ್ನಾಗಿ ಬಂತು. ಯಾಕೆ ಬಂತೋ, ಬಂತು. ಅಲ್ಲಿಗೆ ದೊಡ್ಡವ್ವನ ಎದೆಗೆ ಹೆಸರು ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಸಿನಗಲ ಎಂದು ಬರೆದೆ. ಶಿಬಿರದ ಗೋಡೆಯಲ್ಲಿ ರೋಗವಿದ್ದ ಯಾರದೋ ಎದೆಯ ಚಿತ್ರ ಹಾಕಿದ್ದರು, ನೀಲಿಯ ನಡುವೆ ಕೆಂಪು ಬೊಟ್ಟು, ಕಾಸಿನಗಲ. ಅದನ್ನು ನೋಡುವ ಮೊದಲು ಆ ಹಾಳೆಯ ಗುರುತು ನನ್ನ ನೆನಪಿನಲ್ಲಿ ಎಷ್ಟು ದೊಡ್ಡದಿತ್ತು? ದುಂಡಗಿತ್ತೇ? ಈಗ ಯಾರನ್ನು ಕೇಳಲಿ. ಒಲೆಯ ಶಾಖ ಒಂದು ಕಡೆಯಿಂದ ತಾಗಿದರೂ ಮೊಟ್ಟೆ ಹಾಗೆ ಹಿಂದೆಮುಂದೆ ಒಡೆಯಬಹುದು, ಹಾಳೆ ಮಡಿಸಿದ ರೀತಿಯಿಂದಲೂ ಆಗಬಹುದು. ಒಂದು ಕಡೆ ಮೊದಲು ಒಡೆದದ್ದು ನಿಜ, ಅದಕ್ಕೆ ನನ್ನ ಅತ್ತೆ ಕೈ ಮುಗಿದದ್ದು ನಿಜ. ಮಿಕ್ಕದ್ದಕ್ಕೆ ನಾನು ಸಾಕ್ಷಿ ಹೇಳಲಾರೆ.

ಮುಂದಿನ ಮಾಗಿ ಬರುವಷ್ಟರಲ್ಲಿ ಚಂದಕವಾಡಿಯಿಂದಲೂ ಹಾಳೆ ತರುವವರಿದ್ದರು. ದೊಡ್ಡವ್ವನ ಜಗಲಿ ನಾನು ಕಂಡಿರದ ಹಾಗೆ ತುಂಬಿತು. ಬರಿಗೈಯಲ್ಲಿ ಯಾರೂ ಬರುತ್ತಿರಲಿಲ್ಲ, ಬಾಳೆಹಣ್ಣೋ ಬೆಲ್ಲವೋ ತರುತ್ತಿದ್ದರು, ಕೂತು ಮಾತಾಡುತ್ತಿದ್ದರು. ಚಾಕಿ ಕಟ್ಟುವ ದಿನ ಅವಳನ್ನೇ ಕರೆದು ಮೊದಲ ಸೊಪ್ಪು ಹಾಕಿಸುತ್ತಿದ್ದರು. ಮುಂಡೆ ಎಂದಿದ್ದ ನನ್ನ ಅತ್ತೆ, "ನಿನ್ನೆದೇಲಿ ಮಾದಪ್ಪ ಕೂತವ್ನೆ ಬುಡಕ್ಕ" ಅಂದದ್ದನ್ನು ನಾನೇ ಕೇಳಿದೆ. ದೊಡ್ಡವ್ವನ ಬಾಯಿಯೂ ಬಿಚ್ಚಿತು. ಹಾಳೆ ತಂದ ಒಬ್ಬ ಗಂಡಸು ತಲೆ ತಗ್ಗಿಸಿ ಜಗಲಿಯ ಕೆಳಗೆ ನಿಂತಿದ್ದ. "ಯಾಕ್ಲಾ, ನಿನ್ನೆಂಡ್ರ ಎದೆ ಏನು ನೀರ್ಮಡಕೆಯೇನ್ಲಾ?" ಎಂದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅವಳು ನಗುವಾಗ ಎಡಗೈಯನ್ನು ಮೈಗೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಅದು ಅವಳ ನಗುವ ರೀತಿ ಎಂದು ನಾನು ತಿಳಿದಿದ್ದೆ.

ಆ ಮಾಗಿಯಲ್ಲಿ ಬೆಳಗ್ಗೆ ಹಾಳೆ ಬಿಚ್ಚುವ ಕೆಲಸ ನನ್ನದಾಯಿತು. ಅವಳಿಗೆ ಎಡಗೈ ಮೇಲೆತ್ತಲು ಆಗುತ್ತಿರಲಿಲ್ಲ. ವಾಯು ಅನ್ನುತ್ತಿದ್ದಳು. ನಾನು ಅವಳ ಮನೆಗೆ ಹೋಗಿ, ರವಿಕೆಯ ಗಂಟು ಸಡಿಲಿಸಿ, ಬಟ್ಟೆಯನ್ನು ಮೆಲ್ಲಗೆ ಎಳೆದುಕೊಳ್ಳಬೇಕು. ಮೊದಲು ಒಡೆದ ಜಾಗ ಈಗ ಅಂಗೈಯಗಲ ಇತ್ತು. ಒಂದು ಬೆಳಗ್ಗೆ ಬಟ್ಟೆ ಅಂಟಿಕೊಂಡಿತ್ತು. ಬಿಡಿಸಲು ಹೋದಾಗ ಅವಳ ಎಡ ಎದೆಯಲ್ಲಿ ಒಂದು ಗಂಟು ನನ್ನ ಬೆರಳಿಗೆ ತಾಗಿತು. ಗಟ್ಟಿಯಾಗಿ, ಒಳಗೆ ಬೇರು ಬಿಟ್ಟ ಹಾಗೆ ಅಲುಗದೆ ಇತ್ತು. ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕುಳಿಕುಳಿಯಾಗಿತ್ತು. ಮತ್ತೆ ಕಾವು. ಜ್ವರ ಬಂದವರ ಹಣೆಯ ಕಾವಲ್ಲ, ಬೂದಿ ಮುಚ್ಚಿದ ಕೆಂಡದ ಮೇಲೆ ಕೈ ಹಿಡಿದ ಹಾಗೆ. ಬಲಗಡೆ ಮಾಮೂಲು ಮೈಯ ಹಾಗೆ ಇತ್ತು. ನಾನು ಕೈ ತೆಗೆಯಲಿಲ್ಲ. ಅವಳೂ ತೆಗೆ ಅನ್ನಲಿಲ್ಲ.

ಯಾವಾಗಿನಿಂದ ಎಂದು ಕೇಳಿದೆ. ಹೋದ ಮಾಗಿಗೂ ಮುಂಚೆ, ಆಗ ಅವರೆಕಾಳಿನಷ್ಟಿತ್ತು ಎಂದಳು. ನನ್ನ ತವರಿನ ಕಡೆ ಒಬ್ಬರಿಗೆ ಹೀಗೆ ಆಗಿ, ಮೈಸೂರಿನ ಆಸ್ಪತ್ರೆಯಲ್ಲಿ ತೆಗೆಸಿಕೊಂಡು ಬಂದು ಬದುಕಿದ್ದರು. ಅದನ್ನು ಹೇಳಿದೆ. ನಾಳೆಯೇ ರೈಲಿಗೆ ಹೋಗೋಣ ಎಂದೆ. ಅವಳು ಬಟ್ಟೆ ಬಿಚ್ಚಿ, ಹಾಳೆಯ ಮೇಲೆ ಹರಿದಾಡುವ ಮರಿಗಳನ್ನು ಬಹಳ ಹೊತ್ತು ನೋಡಿದಳು.

"ಹೋಗನ ಬುಡು. ಮಾಗಿ ಕಳೀಲಿ. ಈಗ್ಲೇ ಗೊತ್ತಾಗ್ಬುಟ್ರೆ ನನ್ ಬಾಗ್ಲಿಗೆ ಯಾರಮ್ಮಿ ಬತ್ತಾರೆ?"

ರೋಗದ ಮೈಗೆ ತಾಗಿದ ಮೊಟ್ಟೆಯಿಂದ ಹುಳಕ್ಕೆ ರೋಗ ಬರುತ್ತದೆ ಎಂದು ನಮ್ಮವರು ನಂಬಿದ್ದರು. ಹಾಗಾಗಿ ಅವಳ ಮಾತು ಸರಿಯಾಗಿಯೇ ಇತ್ತು. ಒಬ್ಬರಿಗೆ ತಿಳಿದರೆ ಸಾಕು, ಜಗಲಿ ಖಾಲಿ. ಅವಳಿಗೆ ಇದ್ದದ್ದು ವರ್ಷಕ್ಕೊಂದು ಮಾಗಿ, ಆ ಮಾಗಿಯನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಬಿಟ್ಟುಕೊಡದಿದ್ದರೆ ಏನಾಗುತ್ತದೆ ಎಂಬುದು ನನಗೆ ಅರ್ಧ ಗೊತ್ತಿತ್ತು. ಅವಳಿಗೆ ಪೂರ್ತಿ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಬಿಡದೆ ಒಂದು ದಿನ ಅವಳನ್ನು ಚಾಮರಾಜನಗರದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಾನು ಆಗ ಬಸುರಿ, ನನ್ನನ್ನು ತೋರಿಸುವ ನೆಪ ಸಿಕ್ಕಿತು. ಡಾಕ್ಟರು ದೊಡ್ಡವ್ವನಿಗೆ ರವಿಕೆ ಬಿಚ್ಚಲು ಹೇಳಿದಾಗ ಒಳಗೆ ಮೊಟ್ಟೆಯ ಗಂಟು. ಅವತ್ತೂ ಯಾರದೋ ಹಾಳೆ ಅವಳ ಎದೆಯಲ್ಲಿತ್ತು, ನನಗೇ ಹೇಳಿರಲಿಲ್ಲ. ಇದೇನು ಎಂದು ಡಾಕ್ಟರು ಕೇಳಿದರು. "ಉಸಾರು ಕಣವ್ವ, ಮೆತ್ತಗೆ ಮಡಗಿ. ಒಳ್ಗೆ ಜೀವ ಅವೆ" ಎಂದಳು. ಡಾಕ್ಟರು ಅದನ್ನು ಮೇಜಿನ ಮೇಲೆ ಇಟ್ಟರು. ಎದೆ, ಕಂಕುಳು ಒತ್ತಿ ನೋಡಿದರು, ಬಹಳ ಹೊತ್ತು ಮಾತಾಡಿದರು. ಈ ವಾರವೇ ಮೈಸೂರಿಗೆ ಹೋಗಬೇಕು, ತಿಂಗಳು ಹಿಡಿಯಬಹುದು, ಇನ್ನು ತಡ ಮಾಡಿದರೆ ತೆಗೆದೂ ಪ್ರಯೋಜನವಿರುವುದಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. ಅಷ್ಟು ಹೊತ್ತೂ ದೊಡ್ಡವ್ವ ಮೇಜಿನ ಮೇಲೆ ತಣ್ಣಗಾಗುತ್ತಿದ್ದ ಗಂಟನ್ನೇ ನೋಡುತ್ತಿದ್ದಳು.

ಹಿಂದಕ್ಕೆ ಬರುವಾಗ ಜಟಕಾದಲ್ಲಿ ಗಂಟನ್ನು ಮತ್ತೆ ಎದೆಗೆ ಸಿಕ್ಕಿಸಿಕೊಂಡಳು. ಊರು ಹತ್ತಿರ ಬಂದಾಗ ರಸ್ತೆಯ ಕಡೆ ನೋಡುತ್ತಾ ಹೇಳಿದಳು:

"ಡಾಕ್ಟ್ರಮ್ಮನ ಕೈ ತಣ್ಗಿತ್ತು ಕಣಮ್ಮಿ. ಎಷ್ಟು ವರ್ಸ ಆಗಿತ್ತು ಒಬ್ರು ಕೈ ಮಡ್ಗಿ..."

ನಾನು ದಿನವೂ ಬಟ್ಟೆ ಬಿಚ್ಚುವಾಗ ಕೈ ಇಡುತ್ತಿದ್ದೆ. ಅದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಮೊಟ್ಟೆಗೆ ಇಟ್ಟ ಕೈ. ಆಗ ನನಗೆ ಸ್ವಲ್ಪ ನೋವಾಯಿತು, ಈಗ ಇಲ್ಲ.

ಏಳನೆಯ ತಿಂಗಳಿಗೆ ನನ್ನನ್ನು ತವರಿಗೆ ಕರೆದೊಯ್ದರು. ಹೊರಡುವ ದಿನ ಕಂಡಿಯಲ್ಲಿ ಅವಳ ಕೈ ಬಂತು. ನಾನು ಹೊಟ್ಟೆಯನ್ನು ಆ ಕಂಡಿಗೆ ಒತ್ತಿ ನಿಂತೆ. ಬಿಸಿ ಅಂಗೈ. ಏನೋ ಹೇಳಿದಳು, ಈಚೆ ಕಡೆ ಹುಳ ಮೇಯುವ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳಬಹುದಿತ್ತು, ಗಾಡಿ ಕಟ್ಟಿದ್ದರು.

ಮೈಸೂರಿನ ರೈಲಿನ ಕಿಟಕಿಯಲ್ಲಿ ಅವಳು ಕೂತಿರುವುದು ನನಗೆ ಬಹಳ ಸ್ಪಷ್ಟವಾಗಿ ನೆನಪಿದೆ. ಚಾಮರಾಜನಗರದ ಸ್ಟೇಷನ್ನು, ಕಲ್ಲಿದ್ದಲಿನ ಹೊಗೆ, ಪಕ್ಕದಲ್ಲಿ ಮೈದುನ ತಲೆಗೆ ಟವೆಲ್ಲು ಸುತ್ತಿಕೊಂಡು ಕೂತಿದ್ದಾನೆ. ಅವಳು ಬಲಗೈ ಎತ್ತಿ ನನ್ನ ಕಡೆ ಆಡಿಸುತ್ತಾಳೆ, ಮುಖ ಪೂರ್ತಿ ಕಾಣುತ್ತದೆ. ಎಷ್ಟೋ ವರ್ಷ ಈ ನೆನಪನ್ನು ಇಟ್ಟುಕೊಂಡಿದ್ದೆ. ಆದರೆ ಇದು ಸಾಧ್ಯವೇ ಇಲ್ಲ. ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಅವಳು ತಾನೇ ಮೈದುನನಿಗೆ ಹೇಳಿ ಮೈಸೂರಿಗೆ ಹೋದಳು. ಆಗ ನಾನು ಗುಂಡ್ಲುಪೇಟೆಯಲ್ಲಿ, ಹಸಿ ಬಾಣಂತಿ, ಕತ್ತಲೆ ಕೋಣೆಯಲ್ಲಿ. ನನ್ನನ್ನು ಯಾರೂ ಸ್ಟೇಷನ್ನಿಗೆ ಕರೆದುಕೊಂಡು ಹೋಗಿಲ್ಲ. ಬೀಳ್ಕೊಡಲು ಯಾರಾದರೂ ಇರಬೇಕಿತ್ತು, ಅದಕ್ಕೇ ನನ್ನ ಮನಸ್ಸು ನನ್ನನ್ನು ಅಲ್ಲಿ ನಿಲ್ಲಿಸಿತೇನೋ. ಆ ಚಿತ್ರವನ್ನು ಇಲ್ಲಿ ಹೊಡೆದುಹಾಕಬೇಕು. ಹೊಡೆದುಹಾಕಿದರೆ ಅವಳ ಪೂರ್ತಿ ಮುಖ ಮತ್ತೆ ಎಲ್ಲೂ ಇರುವುದಿಲ್ಲ...

ಸುದ್ದಿ ತಂದವರು ನನ್ನ ಗಂಡ. ಮಗು ನೋಡಲು ಬಂದವರು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಪಕ್ಕದ ಮನೆಯವರು ಮೈಸೂರಿನಲ್ಲೇ ತೀರಿಕೊಂಡರಂತೆ, ಅಲ್ಲೇ ಮಣ್ಣು ಮಾಡಿದರಂತೆ ಎಂದರು. ಯಾವ ಪಕ್ಕದ ಮನೆ ಎಂದು ನಾನು ಕೇಳಿದೆ. ಗೊತ್ತಿದ್ದೂ ಕೇಳಿದೆ.

ಮಗುವಿನೊಂದಿಗೆ ಹರದನಹಳ್ಳಿಗೆ ಬಂದಾಗ ಕಂಡಿಗೆ ಮಣ್ಣು ಮೆತ್ತಿದ್ದರು. ಆ ಮನೆಯನ್ನು ಮೈದುನ ಹುಳದ ಮನೆ ಮಾಡಿಕೊಂಡಿದ್ದ, ಗಾಳಿ ನುಗ್ಗಬಾರದಲ್ಲ. ಒಣಗದ ಮಣ್ಣು ಗೋಡೆಯಲ್ಲಿ ಬೇರೆ ಬಣ್ಣವಾಗಿ ಕಾಣುತ್ತಿತ್ತು. ಮುಂದಿನ ಮಾಗಿಯಲ್ಲಿ ಹಾಲೂಡುತ್ತಿದ್ದ ನನಗೇ ಹಾಳೆ ಕಟ್ಟಿದರು. ನಿಧಾನವಾಗಿ ಒಡೆಯಿತು, ಎಲ್ಲ ಕಡೆ ಒಂದೇ ಸಮ. ಹುಳ ಸಾಕುವವರು ಬಯಸುವುದೇ ಅದನ್ನು. ಆದರೆ ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಅವಳ ಕಾವು ಯಾರಿಗೂ ಬರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಅವರಿಗೆ ಕೊನೆಯವರೆಗೂ ಅದು ದೇವರ ಬೆರಳು. ಅವರು ಅತ್ತದ್ದು ಸುಳ್ಳಲ್ಲ. ಆ ಕಾವು ಏನು ಎಂದು ನನಗೂ ಆಗ ಗೊತ್ತಿರಲಿಲ್ಲ. ಗಂಟು ಬೇರೆ, ಮೊಟ್ಟೆ ಒಡೆಯುವುದು ಬೇರೆ ಎಂದೇ ಇಷ್ಟು ವರ್ಷ ಇದ್ದೆ. ಹೋದ ವಾರ ಆ ತಣ್ಣನೆಯ ಕೋಣೆಯಲ್ಲಿ, ತೋಳೆತ್ತಿ ಕೂತಾಗ, ಎರಡೂ ಒಂದರ ಮೇಲೊಂದು ಬಂದು ನಿಂತವು. ಸರಿಯಾಗಿ ನಿಂತವೋ, ನಾನು ತಳ್ಳಿ ನಿಲ್ಲಿಸಿದೆನೋ, ಹೇಳಲಾರೆ.

ಚಿತ್ರ ತೆಗೆದಾದ ಮೇಲೆ ಆ ಹುಡುಗಿ, ತಣ್ಣಗಿದ್ದೀರ ಅಜ್ಜಿ, ಏನೂ ತೊಂದರೆ ಇಲ್ಲ ಎಂದಳು. ಸಂತೋಷಪಡಬೇಕಾದ ಮಾತು. ನಾನು ರವಿಕೆ ಹಾಕಿಕೊಂಡೆ. ಗುಂಡಿ ಹಾಕಲು ಬೆರಳು ಬಗ್ಗುತ್ತಿರಲಿಲ್ಲ. ಅವಳು ಸಹಾಯಕ್ಕೆ ಬರಲು ಎದ್ದವಳು, ಹೊರಗೆ ಇನ್ನೂ ಜನ ಕಾಯುತ್ತಿದ್ದದ್ದನ್ನು ನೋಡಿ ಮತ್ತೆ ಕೂತಳು.

ಈಗ ಈ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದೇನೆ, ನನ್ನ ಅತ್ತೆ ಹಾಳೆ ಹಿಡಿಯುತ್ತಿದ್ದ ಹಾಗೆ. ಎರಡೂ ಕಡೆ ಒಂದೇ ಸಮ ನೀಲಿ.

ಕ್ಯಾಮರಾ ಹಾಕುವ ಮೊದಲು ಆ ಹುಡುಗಿ ಕೆಲವು ಪ್ರಶ್ನೆ ಕೇಳಿದ್ದಳು. ವಯಸ್ಸು, ಮಕ್ಕಳೆಷ್ಟು, ಹಾಲೂಡಿದ್ದೀರಾ. ಆಮೇಲೆ, ನಿಮ್ಮವರಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ ಅಜ್ಜಿ ಎಂದಳು. ನಿಮ್ಮವರು ಅಂದರೆ ಯಾರು ಎಂದು ಕೇಳಿದೆ. ತಾಯಿ, ಅಕ್ಕತಂಗಿ, ಮಗಳು, ರಕ್ತಸಂಬಂಧ ಎಂದಳು.

ಇಲ್ಲ ಎಂದೆ. ಅದು ಸರಿಯಾದ ಉತ್ತರ. ಅವಳು ಮುಂದಿನ ಪ್ರಶ್ನೆಗೆ ಹೋದಳು.